ಭಟ್ರು ಅಳತೆ ಹೇಳಿಕೊಡುತ್ತಿಲ್ಲ, ಕೋರ್ಸಿಗೆ ಸೇರಿಬಿಡಲೇ?

ಪ್ರಶ್ನೆ: ನನಗೆ 24 ವರ್ಷ. ಊರು ಬೈಂದೂರು ಹತ್ತಿರ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬೆಂಗಳೂರಿಗೆ ಬಂದೆ. ಮೊದಲು ಕ್ಲೀನರ್ ಆಗಿದ್ದೆ, ಈಗ ನಾಲ್ಕು ವರ್ಷದಿಂದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್. ಅಡುಗೆ ಕಲಿತು ಮುಂದೆ ಸ್ಟಾರ್ ಹೋಟೆಲಿಗೆ ಹೋಗಬೇಕೆಂದು ಆಸೆ. ನಮ್ಮ ಭಟ್ರು ಯಾವ ಅಳತೆಯನ್ನೂ ಹೇಳುವುದಿಲ್ಲ. ಕೇಳಿದರೆ ‘ನೋಡಿ ಕಲಿ’ ಅನ್ನುತ್ತಾರೆ, ನೋಡಲು ನಿಂತರೆ ‘ಟೇಬಲ್ ನೋಡು, ಹೋಗು’ ಅನ್ನುತ್ತಾರೆ. ಸರ್ಟಿಫಿಕೇಟ್ ಇಲ್ಲದೆ ಏನೂ ಆಗುವುದಿಲ್ಲ, ಹೋಟೆಲ್ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಸೇರು ಎಂದು ಗೆಳೆಯ ಹೇಳುತ್ತಾನೆ. ಖಾಸಗಿ ಕಾಲೇಜಿನವರು ಎರಡು ಲಕ್ಷ ಫೀಸು ಕೇಳುತ್ತಿದ್ದಾರೆ. ಮನೆಗೆ ಪ್ರತಿ ತಿಂಗಳು ದುಡ್ಡು ಕಳಿಸಲೇಬೇಕು. ಇಂಗ್ಲಿಷ್ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಎರಡು ಲಕ್ಷ ಸಾಲ ಮಾಡಿ ಈಗ ಆ ಕೋರ್ಸಿಗೆ ಸೇರಬೇಡಿ. ಸರ್ಟಿಫಿಕೇಟ್ ಬೇಕು ಎಂಬ ನಿಮ್ಮ ಗೆಳೆಯನ ಮಾತು ಸುಳ್ಳಲ್ಲ. ಆದರೆ ನಿಮ್ಮ ಸ್ಥಿತಿಯಲ್ಲಿ ಕೆಲಸ ಮೊದಲು ಕೈಗೆ ಹತ್ತಬೇಕು, ಕಾಗದ ಆಮೇಲೆ ಬರಬೇಕು. ಹಾಗೆ ಬರುವ ಕಾಗದಕ್ಕೆ ಖರ್ಚೂ ಕಡಿಮೆ.

ನಾನೂ ತಟ್ಟೆ ತೊಳೆದೇ ಈ ಕೆಲಸಕ್ಕೆ ಬಂದವನು. ಅಡುಗೆಮನೆಯಲ್ಲಿ ಹದಿನೆಂಟು ವರ್ಷ ದುಡಿದು, ಆಮೇಲೆ ಹೊಸಬರಿಗೆ ಕೆಲಸ ಕಲಿಸುವುದನ್ನೇ ಉದ್ಯೋಗ ಮಾಡಿಕೊಂಡೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಫೀಸಿನ ವಿಷಯವಲ್ಲ, ಭಟ್ರ ವಿಷಯ. ಅದನ್ನೇ ಮೊದಲು ಮಾತಾಡೋಣ.

ಭಟ್ರು ಹೇಳಿಕೊಡುವುದಿಲ್ಲ ಅನ್ನುವುದಕ್ಕೆ ಎರಡು ಕಾರಣ ಇರುತ್ತವೆ. ಒಂದು ಭಯ. ಅವರ ಬಳಿ ಹೊಲವಿಲ್ಲ, ಡಿಗ್ರಿ ಇಲ್ಲ, ಇರುವುದು ಆ ಕೈರುಚಿ ಒಂದೇ. ಅದನ್ನು ಕಲಿತ ಹುಡುಗ ಅರ್ಧ ಸಂಬಳಕ್ಕೆ ತನ್ನ ಜಾಗದಲ್ಲಿ ನಿಂತುಬಿಟ್ಟರೆ ಎಂಬ ಹೆದರಿಕೆ. ಹಾಗೆ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ಆ ಭಯವನ್ನು ಹಗುರವಾಗಿ ನೋಡಲಾರೆ. ಎರಡನೆಯ ಕಾರಣ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಭಟ್ರಿಗೆ ಹೇಳಲು ಬರುವುದಿಲ್ಲ. ಅವರು ಕಲಿತದ್ದು ಮಾತಿನಲ್ಲಲ್ಲ, ಹಾಗಾಗಿ ಕೇಳಿದರೆ ಮಾತಿನಲ್ಲಿ ಹೊರಗೆ ಬರುವುದೂ ಇಲ್ಲ.

ನನಗೆ ಹಿಟ್ಟಿನ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು. ಉದ್ದು ರುಬ್ಬುವಾಗ ಎಷ್ಟು ನೀರು ಹಾಕಬೇಕೆಂದು ಕೇಳಿದರೆ ‘ಅದು ಕೇಳಿದಷ್ಟು’ ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಅವರಿಗೇ ಹೇಳಿ, ನೀರಿನ ಪಾತ್ರೆಯನ್ನು ರುಬ್ಬುವ ಮೊದಲೊಮ್ಮೆ, ರುಬ್ಬಿದ ಮೇಲೊಮ್ಮೆ ತೂಗಲು ಶುರುಮಾಡಿದೆ. ಕೆಲವು ವಾರ ಬರೆದಿಟ್ಟೆ. ಉಪ್ಪಿನ ವಿಷಯದಲ್ಲಿ ಅವರ ಮುಷ್ಟಿ ತಕ್ಕಡಿಯಂತೆ ಇತ್ತು, ಹೆಚ್ಚುಕಮ್ಮಿ ಆಗುತ್ತಲೇ ಇರಲಿಲ್ಲ. ನೀರು ಮಾತ್ರ ಒಂದೊಂದು ದಿನ ಒಂದೊಂದು ಥರ. ಹೊಸ ಮೂಟೆ ಬಿಚ್ಚಿದ ದಿನ, ಬೇಳೆ ಹೆಚ್ಚು ಹೊತ್ತು ನೆನೆದ ದಿನ, ಗ್ರೈಂಡರ್ ಕಲ್ಲು ಬಿಸಿಯಾದ ದಿನ ನೀರು ಬದಲಾಗುತ್ತಿತ್ತು. ಅವರು ನನ್ನಿಂದ ಅಳತೆ ಬಚ್ಚಿಟ್ಟಿರಲಿಲ್ಲ. ಬಚ್ಚಿಡಲು ಒಂದೇ ಅಳತೆ ಎಂಬುದೇ ಅಲ್ಲಿರಲಿಲ್ಲ. ಹಿಟ್ಟನ್ನು ಬೆರಳಲ್ಲಿ ಎತ್ತಿ, ಅದು ಬೀಳುವ ರೀತಿ ನೋಡಿ, ಇನ್ನೊಂದು ಲೋಟ ಬೇಕೋ ಬೇಡವೋ ಎಂದು ನಿರ್ಧರಿಸುವುದೇ ವಿದ್ಯೆಯಾಗಿತ್ತು.

ಆದ್ದರಿಂದ ಭಟ್ರ ಹತ್ತಿರ ‘ಎಷ್ಟು’ ಎಂದು ಕೇಳಬೇಡಿ. ‘ಇವತ್ತು ಯಾಕೆ ಹೆಚ್ಚು ಹಾಕಿದಿರಿ’ ಎಂದು ಕೇಳಿ. ಮೊದಲ ಪ್ರಶ್ನೆ ಅವರ ಗುಟ್ಟನ್ನು ಕೇಳಿದ ಹಾಗೆ ಕೇಳಿಸುತ್ತದೆ. ಎರಡನೆಯದರಲ್ಲಿ ನೀವು ಅವರ ಕೈಯನ್ನು ಗಮನಿಸಿದ್ದೀರಿ ಎಂಬುದು ಗೊತ್ತಾಗುತ್ತದೆ. ಮೂವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ತಮ್ಮ ಕೆಲಸವನ್ನು ಒಬ್ಬರಾದರೂ ಗಮನಿಸಿದರಲ್ಲ ಅನ್ನಿಸಿದರೆ ಮಾತು ತಾನಾಗಿ ಬರುತ್ತದೆ.

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಸಾಧ್ಯವಾದರೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ, ಒಂದು ಅಡುಗೆಯ ಥರ್ಮಾಮೀಟರ್ ಕೊಳ್ಳಿ. ಎರಡೂ ಸೇರಿ ಸಾವಿರ, ಒಂದೂವರೆ ಸಾವಿರದೊಳಗೆ ಸಿಗುತ್ತವೆ. ಆರು ತಿಂಗಳು ಒಂದೇ ಒಂದು ವಸ್ತುವಿನ ಹಿಂದೆ ಬೀಳಿ. ದೋಸೆ ಹಿಟ್ಟು ಆಗಬಹುದು. ಏನು ಬರೆಯಬೇಕೆಂದರೆ, ತಾರೀಖು, ಹೊರಗಿನ ಹವೆ, ಉದ್ದು ಯಾವ ದಿನ ಬಂದ ಮೂಟೆಯದು, ಎಷ್ಟು ಹೊತ್ತು ನೆನೆಯಿತು, ರುಬ್ಬುವಾಗ ಎಷ್ಟು ನೀರು, ತಣ್ಣೀರೋ ಐಸ್ ನೀರೋ, ರಾತ್ರಿ ಪಾತ್ರೆಯಲ್ಲಿ ಹಿಟ್ಟು ಎಲ್ಲಿಯವರೆಗೆ ಇತ್ತು, ಬೆಳಿಗ್ಗೆ ಎಲ್ಲಿಯವರೆಗೆ ಬಂತು, ಮೊದಲ ದೋಸೆ ಹೇಗೆ ಎದ್ದಿತು. ಒಂದು ದಿನಕ್ಕೆ ಐದು ಸಾಲು ಸಾಕು.

ಐಸ್ ನೀರು ಯಾಕೆ ಅನ್ನುತ್ತೀರಾ? ಗ್ರೈಂಡರ್ ತಿರುಗುತ್ತಾ ಹೋದಂತೆ ಕಲ್ಲು ಕಾಯುತ್ತದೆ. ಆ ಕಾವು ಉದ್ದಿನ ಹಿಟ್ಟಿಗೆ ಏರಿದರೆ ಹಿಟ್ಟು ಸರಿಯಾಗಿ ಉಬ್ಬಿ ಹಗುರಾಗುವುದಿಲ್ಲ. ದೊಡ್ಡ ಹೋಟೆಲುಗಳಲ್ಲಿ ರುಬ್ಬುವಾಗ ಐಸ್ ಹಾಕುವುದು ಇದಕ್ಕೇ. ಇನ್ನು ಹುಳಿ ಬರುವ ವಿಷಯ. ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳು ಉದ್ದು, ಅಕ್ಕಿಯ ಜೊತೆಗೇ ಬರುತ್ತವೆ. ಸುಮಾರು 30 ಡಿಗ್ರಿ ಶಾಖದಲ್ಲಿ ಅವು ಚುರುಕಾಗಿರುತ್ತವೆ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಊರಲ್ಲಿ ಸಂಜೆ ರುಬ್ಬಿದ ಹಿಟ್ಟು ಮಧ್ಯರಾತ್ರಿ ಹೊತ್ತಿಗೇ ಉಕ್ಕಿರುತ್ತದೆ. ಜನವರಿಯ ಬೆಂಗಳೂರಿನಲ್ಲಿ ಅದೇ ಹಿಟ್ಟು ಬೆಳಿಗ್ಗೆ ಐದಕ್ಕೂ ಮಲಗಿಯೇ ಇರುತ್ತದೆ. ಆಗ ಭಟ್ರು ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಾರೆ, ಹಳೇ ಹಿಟ್ಟು ಎರಡು ಸೌಟು ಬೆರೆಸುತ್ತಾರೆ. ಅವರು ಅದನ್ನು ಯಾಕೆ ಮಾಡಿದರು ಎಂದು ನಿಮಗೆ ಗೊತ್ತಿದ್ದರೆ ಬೆಂಗಳೂರಾಗಲಿ ದುಬೈ ಆಗಲಿ ದೋಸೆ ಹಾಳಾಗುವುದಿಲ್ಲ. ಅಳತೆ ಮಾತ್ರ ಗೊತ್ತಿದ್ದವನಿಗೆ ಊರು ಬದಲಾದ ದಿನವೇ ಕೈ ಕಟ್ಟಿದ ಹಾಗಾಗುತ್ತದೆ.

ಎಂಟಿಆರ್‌ನವರು ರವೆ ಇಡ್ಲಿಯ ಕತೆ ಹೇಳುವುದುಂಟು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಇಡ್ಲಿಯಿಲ್ಲದೆ ಹೋಟೆಲು ನಡೆಯುವುದು ಹೇಗೆ? ರವೆಯಲ್ಲಿ ಮಾಡಿ ನೋಡಿದರು. ಇಡ್ಲಿ ಯಾಕೆ ಉಬ್ಬುತ್ತದೆ, ಯಾಕೆ ಮೆದುವಾಗುತ್ತದೆ ಎಂಬುದು ಕೈಗೆ ತಿಳಿದಿದ್ದವರಿಂದ ಮಾತ್ರ ಅದು ಸಾಧ್ಯ.

ಕಾವಲಿಯ ಮುಂದೆಯೂ ಹೀಗೇ. ನಿಮ್ಮ ಹೋಟೆಲಿನ ದೋಸೆ ಭಟ್ರನ್ನು ನಾಳೆ ಹತ್ತು ನಿಮಿಷ ನೋಡಿ. ನೀರು ಚಿಮುಕಿಸಿ ಹಿಡಿಸೂಡಿಯಲ್ಲಿ ಗುಡಿಸುತ್ತಾರಲ್ಲ, ಅದು ಬರೀ ಶುಚಿಗಲ್ಲ. ಕಾವಲಿ ತೀರಾ ಕಾದಿದ್ದರೆ ನೀರಿನ ಹನಿ ಮುತ್ತಿನ ಹಾಗೆ ಉರುಳಾಡುತ್ತದೆ. ಆ ಶಾಖದಲ್ಲಿ ಹಿಟ್ಟು ಹೊಯ್ದರೆ ಹರಡುವ ಮೊದಲೇ ಕಚ್ಚಿಕೊಂಡು ಸೌಟಿನ ಜೊತೆ ಎದ್ದು ಬರುತ್ತದೆ. ಹದವಾಗಿದ್ದರೆ ಹನಿ ಚುಯ್ ಎಂದು ಬಿದ್ದಲ್ಲೇ ಆರುತ್ತದೆ. ಸದ್ದೇ ಇಲ್ಲದೆ ನೀರು ನಿಂತರೆ ಕಾವಲಿ ತಣ್ಣಗಿದೆ ಎಂದು ಅರ್ಥ. ಭಟ್ರು ಆ ಸದ್ದು ಕೇಳಿಯೇ ಗ್ಯಾಸ್ ತಿರುವುತ್ತಾರೆ, ತಿರುಗಿ ನೋಡುವುದೂ ಇಲ್ಲ. ಈ ಸದ್ದನ್ನು ಯಾವ ಕ್ಲಾಸಿನಲ್ಲೂ ಬೋರ್ಡಿನ ಮೇಲೆ ಬರೆಯಲಾಗದು. ನಿಮಗೆ ಅದು ದಿನಕ್ಕೆ ನೂರಾರು ಸಲ ಕೇಳಿಸುತ್ತಿದೆ, ಸಂಬಳದ ಜೊತೆಗೆ.

ಹಿಂದೆ ಈ ಕಲಿಕೆಗೆ ಒಂದು ಏಣಿ ಇತ್ತು. ಕ್ಲೀನರ್, ಸಪ್ಲೈಯರ್, ಆಮೇಲೆ ಕಾಫಿ, ಆಮೇಲೆ ದೋಸೆ ಕಾವಲಿ, ಆಮೇಲೆ ಸಾಂಬಾರು ಪಲ್ಯ, ಕೊನೆಗೆ ಗಲ್ಲಾ. ನಮ್ಮ ಕರಾವಳಿಯವರು ಆ ಏಣಿ ಹತ್ತಿಯೇ ಊರೂರಲ್ಲಿ ಹೋಟೆಲು ಕಟ್ಟಿದರು. 1924ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್ ಶುರುಮಾಡಿದ ಮಯ್ಯ ಸಹೋದರರು, 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೃಷ್ಣರಾಯರು, 1942ರಲ್ಲಿ ಮುಂಬೈ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ರಾಮ ನಾಯಕರು, ಇವರೆಲ್ಲ ಅಡುಗೆಮನೆಯ ಕೆಲಸವನ್ನು ಕೈಯಾರೆ ಬಲ್ಲವರು. ಮುಂಬೈಯಲ್ಲಿ ನಮ್ಮವರೇ ನಡೆಸಿದ ಕನ್ನಡ ರಾತ್ರಿ ಶಾಲೆಗಳಿಗೆ ಹೋಟೆಲ್ ಮಾಣಿಗಳು ಹಗಲು ದುಡಿದು ರಾತ್ರಿ ಹೋಗುತ್ತಿದ್ದರು. ಕೆಲಸವೂ ಕಲಿಕೆಯೂ ಒಟ್ಟಿಗೆ ನಡೆಯಬಹುದು ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಆ ಏಣಿಯ ಬುಡದಲ್ಲಿ ನೋವೂ ಇತ್ತು. ಹತ್ತು ಹನ್ನೆರಡು ವರ್ಷದ ಮಕ್ಕಳು ಊರು ಬಿಟ್ಟು ಬಂದು ತಟ್ಟೆ ತೊಳೆದರು. 2006ರ ಅಕ್ಟೋಬರ್‌ನಿಂದ 14ರ ಕೆಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸುವುದು ನಿಷಿದ್ಧವಾಯಿತು. ಅದು ಆಗಲೇಬೇಕಿದ್ದ ಕೆಲಸ, ಇನ್ನೂ ಮೊದಲೇ ಆಗಬೇಕಿತ್ತು. ಆದರೆ ಕಲಿಸುವ ರೀತಿ ಮಾತ್ರ ಹಳೆಯದೇ ಉಳಿಯಿತು. ಹನ್ನೆರಡರಲ್ಲಿ ಬಂದವನಿಗೆ ‘ನೋಡಿ ಕಲಿ’ ಅಂದರೆ ನೋಡಲು ಹತ್ತು ವರ್ಷ ಇರುತ್ತಿತ್ತು. ಇಪ್ಪತ್ತರಲ್ಲಿ ಬಂದವನಿಗೆ, ಮನೆಗೆ ದುಡ್ಡು ಕಳಿಸಬೇಕಾದವನಿಗೆ, ಅಷ್ಟು ಪುರಸೊತ್ತು ಎಲ್ಲಿದೆ?

ಏಣಿಯ ಒಂದು ಮೆಟ್ಟಿಲೂ ಕಳಚಿ ಹೋಯಿತು. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಬಂತು. ಟೋಕನ್ ತಗೊಂಡು, ನಿಂತು ತಿಂದು ಹೋಗುವ ಪದ್ಧತಿ. ಜನಕ್ಕೆ ಅಗ್ಗದಲ್ಲಿ ಶುಚಿಯಾದ ತಿಂಡಿ ಸಿಕ್ಕಿತು, ಅದು ದೊಡ್ಡ ಉಪಕಾರ. ಆದರೆ ಅಲ್ಲಿ ಸಪ್ಲೈಯರ್ ಬೇಕಿಲ್ಲ. ಕ್ಲೀನರ್ ಆಗಿ ಬಂದವನಿಗೆ ಗಿರಾಕಿಯ ಜೊತೆ ಮಾತಾಡಿ ಪಳಗುವ ಹಂತವೇ ಇಲ್ಲ. ನೀವು ಸಪ್ಲೈಯರ್ ಎಂದು ಸಂಕೋಚದಿಂದ ಬರೆದಿದ್ದೀರಿ. ಆ ನಾಲ್ಕು ವರ್ಷ ನಿಮ್ಮ ಬಂಡವಾಳ. ಆರು ಜನ ಕೂತ ಟೇಬಲ್ಲಿನಲ್ಲಿ ಯಾರಿಗೆ ಸಕ್ಕರೆ ಕಮ್ಮಿ ಕಾಫಿ, ಯಾರಿಗೆ ಈರುಳ್ಳಿ ಬೇಡ, ಮಗುವಿಗೆ ಖಾರ ಹಾಕಬಾರದು ಎಂಬುದನ್ನು ಚೀಟಿಯಿಲ್ಲದೆ ನೆನಪಿಟ್ಟು, ಅಡುಗೆಮನೆಗೆ ಕೂಗಿ ಹೇಳಿ, ಕೊನೆಗೆ ಲೆಕ್ಕ ತಪ್ಪದೆ ಬಿಲ್ಲು ಹೇಳುತ್ತೀರಿ. ಸಿಟ್ಟಿನಲ್ಲಿ ಬಂದ ಗಿರಾಕಿಯನ್ನು ಒಂದು ಲೋಟ ನೀರಿಟ್ಟು ಸಮಾಧಾನ ಮಾಡುತ್ತೀರಿ. ಸ್ಟಾರ್ ಹೋಟೆಲಿನಲ್ಲಿ ಸ್ಟೀವರ್ಡ್‌ಗಳಿಗೆ ತಿಂಗಳುಗಟ್ಟಲೆ ಕಲಿಸುವುದು ಇದನ್ನೇ.

ಇಲ್ಲಿಯೇ ನಿಮಗೆ ಒಂದು ದಾರಿ ಕಾಣುತ್ತದೆ. ಬೆಂಗಳೂರಿನ ಸ್ಟಾರ್ ಹೋಟೆಲುಗಳ ಬೆಳಗಿನ ಬಫೆಯಲ್ಲಿ ದೋಸೆ ಕೌಂಟರ್ ಇರುವುದು ಸಾಮಾನ್ಯ. ಅಲ್ಲಿ ನಿಲ್ಲುವವನು ಅತಿಥಿಯ ಕಣ್ಣೆದುರೇ ದೋಸೆ ಹುಯ್ಯಬೇಕು, ನಗುಮುಖದಲ್ಲಿ ಮಾತಾಡಬೇಕು, ನಾಲ್ಕು ಜನ ಕಾದು ನಿಂತಾಗ ಯಾರದ್ದು ಯಾವುದು ಎಂದು ನೆನಪಿಡಬೇಕು. ಅಡುಗೆ ಮಾತ್ರ ಬಲ್ಲವರು ಅಲ್ಲಿ ಮಾತಿಗೆ ತಡವರಿಸುತ್ತಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬಂದ ಹುಡುಗರಲ್ಲಿ ಹಲವರಿಗೆ ಕಾವಲಿಯ ಕಾವು ಕೈಗೆ ಹತ್ತಿರುವುದಿಲ್ಲ. ಎರಡೂ ಇದ್ದವನಿಗೆ ಬೇಡಿಕೆ ಇದೆ. ನಿಮ್ಮಲ್ಲಿ ಒಂದು ಆಗಲೇ ಇದೆ. ಇನ್ನೊಂದಕ್ಕೆ ಒಂದು ವರ್ಷ ಕೊಡಿ. ಸ್ಟಾರ್ ಹೋಟೆಲಿನ ಅಡುಗೆಮನೆಗೆ ಕಮಿ, ಅಂದರೆ ಕೆಳಹಂತದ ಅಡುಗೆಯವ, ಆಗಿ ಒಳಗೆ ಹೋದ ಮೇಲೆ ಬೇರೆ ವಿಭಾಗಗಳನ್ನು ಕಲಿಯುವುದು ಸುಲಭ. ಮಾಂಸ ಮುಟ್ಟುತ್ತೀರೋ ಇಲ್ಲವೋ ಎಂಬುದನ್ನು ಮಾತ್ರ ಸೇರುವ ಮೊದಲೇ ನಿಮ್ಮಲ್ಲೇ ತೀರ್ಮಾನಿಸಿಕೊಂಡು, ಇಂಟರ್‌ವ್ಯೂನಲ್ಲಿ ನೇರವಾಗಿ ಹೇಳಿ. ಆಮೇಲೆ ಹೇಳಿದರೆ ಮನಸ್ತಾಪವಾಗುತ್ತದೆ.

ಈಗ ನನ್ನ ಒಂದು ತಪ್ಪಿನ ಕತೆ ಹೇಳಬೇಕು, ಯಾಕೆಂದರೆ ಕೈಗೆಲಸ ಒಂದೇ ಸಾಲದು ಎಂದು ನನಗೆ ಕಲಿಸಿದ್ದು ಅದು. ಆಗ ನಾನು ಒಂದು ಹೋಟೆಲಿನಲ್ಲಿ ಸಾಂಬಾರಿನ ಜವಾಬ್ದಾರಿ ಹೊತ್ತಿದ್ದೆ. ಮರುದಿನ ಬೆಳಿಗ್ಗೆ ಒಂದು ಗೃಹಪ್ರವೇಶದ ಆರ್ಡರ್ ಇತ್ತು. ರಾತ್ರಿಯೇ ಬೇಳೆ, ತರಕಾರಿ ಬೇಯಿಸಿ ದೊಡ್ಡ ಪಾತ್ರೆ ತುಂಬ ಸಾಂಬಾರು ಮಾಡಿ, ಬಿಸಿ ಬಿಸಿಯಾಗಿ ಇರಲಿ ಎಂದು ಮುಚ್ಚಳ ಮುಚ್ಚಿ, ಮೇಲೆ ಗೋಣಿಚೀಲವನ್ನೂ ಹೊದಿಸಿ ಮಲಗಿದೆ. ಬೆಳಿಗ್ಗೆ ನಾಲ್ಕಕ್ಕೆ ಮುಚ್ಚಳ ತೆಗೆದಾಗ ನೊರೆ ಎದ್ದಿತ್ತು. ಹುಳಿ ವಾಸನೆ. ಇಡೀ ಪಾತ್ರೆಯನ್ನು ಚರಂಡಿಗೆ ಸುರಿದು, ಅಳುತ್ತಾ ಮತ್ತೆ ಬೇಳೆ ಇಟ್ಟೆ. ರುಚಿಯಲ್ಲಿ ನನ್ನ ಸಾಂಬಾರಿಗೆ ಹೆಸರಿತ್ತು. ಆದರೆ 60 ಡಿಗ್ರಿಗಿಂತ ಕೆಳಗೆ, 5 ಡಿಗ್ರಿಗಿಂತ ಮೇಲೆ ಅಡುಗೆ ಹೆಚ್ಚು ಹೊತ್ತು ಇರಬಾರದು, ಆ ನಡುವಿನ ಶಾಖದಲ್ಲೇ ರೋಗಾಣು ಬೆಳೆಯುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ದೊಡ್ಡ ಪಾತ್ರೆಯ ನಡುಭಾಗ ಇಡೀ ರಾತ್ರಿ ಬೆಚ್ಚಗೇ ಇರುತ್ತದೆ. ಅಗಲವಾದ ತಟ್ಟೆಗಳಿಗೆ ಹಂಚಿ ಬೇಗ ಆರಿಸಿ ಫ್ರಿಜ್ಜಿಗೆ ಇಡಬೇಕಿತ್ತು. ಅಂದು ವಾಸನೆ ಬಂದದ್ದು ನಮ್ಮ ಪುಣ್ಯ. ವಾಸನೆ ಬಾರದೆಯೂ ಕೆಡುವ ಅಡುಗೆ ಇರುತ್ತದೆ, ಅದನ್ನು ನೂರು ಜನಕ್ಕೆ ಬಡಿಸಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ಇದನ್ನು ಭಟ್ರು ಕಲಿಸಲಾರರು, ಏಕೆಂದರೆ ಕಣ್ಣಿಗೆ ಕಾಣದ್ದು ನೋಡಿ ಕಲಿಯಲು ಸಿಗುವುದಿಲ್ಲ. ಇಲ್ಲಿ ಪಾಠವೇ ಬೇಕು. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಡೆಸುವ ‘ಫಾಸ್ಟ್ಯಾಕ್’ ಎಂಬ ತರಬೇತಿ ಇದೆ. ಹೋಟೆಲಿನವರಿಗಾಗಿ ಇರುವ ಬೇಸಿಕ್ ಪಾಠ ಬರೀ ಅರ್ಧ ದಿನದ್ದು, ಅಡ್ವಾನ್ಸ್ಡ್ ಒಂದು ದಿನದ್ದು. 25 ಜನ ಕೆಲಸದವರಿಗೆ ಒಬ್ಬರಾದರೂ ಹೀಗೆ ತರಬೇತಾದ ಸೂಪರ್‌ವೈಸರ್ ಇರಬೇಕು ಎಂಬುದು ಅದರ ಉದ್ದೇಶ. ನಿಮ್ಮ ಯಜಮಾನರ ಹತ್ತಿರ ‘ನನ್ನನ್ನು ಕಳಿಸಿ’ ಎಂದು ನೀವೇ ಕೇಳಿ. ಅವರಿಗೂ ಲಾಭ, ನಿಮ್ಮ ಹೆಸರಿಗೆ ಮೊದಲ ಸರ್ಟಿಫಿಕೇಟೂ ಬಂದ ಹಾಗಾಯಿತು. ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದು, ತಮ್ಮಲ್ಲಿ ಚಮಚ, ಲೋಟಗಳನ್ನು ಬಿಸಿಯಲ್ಲಿ ಶುದ್ಧ ಮಾಡುವ ಕ್ರಮ ತಂದರು. ಹೆಸರಾದ ಹೋಟೆಲಿನ ಯಜಮಾನರು ಸಮುದ್ರ ದಾಟಿ ಪಾತ್ರೆ ತೊಳೆಯುವುದನ್ನು ಕಲಿತು ಬಂದರು. ನಮ್ಮ ಕೆಲಸದಲ್ಲಿ ಪಾತ್ರೆ ತೊಳೆಯುವುದಕ್ಕೆ ಅಷ್ಟು ಬೆಲೆ ಇದೆ.

ಇನ್ನು ಕಾಗದದ ವಿಷಯ. ಆಗಲೇ ಬರುವ ಕೆಲಸವನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ವ್ಯವಸ್ಥೆ ಇದೆ, ಅದಕ್ಕೆ ಆರ್‌ಪಿಎಲ್ ಅನ್ನುತ್ತಾರೆ. ಹೋಟೆಲ್ ಕೆಲಸಗಳಿಗೆ ಟೂರಿಸಂ ಅಂಡ್ ಹಾಸ್ಪಿಟಾಲಿಟಿ ಸ್ಕಿಲ್ ಕೌನ್ಸಿಲ್ ಎಂಬ ಸಂಸ್ಥೆ ಮಾನದಂಡ ಹಾಕಿದೆ. ವರ್ಷಗಟ್ಟಲೆ ಕ್ಲಾಸಿಗೆ ಹೋಗಬೇಕಿಲ್ಲ. ಕೆಲವೇ ದಿನದ ಮಾರ್ಗದರ್ಶನ, ಆಮೇಲೆ ಕೆಲಸ ಮಾಡಿ ತೋರಿಸುವುದು. ಈಗಲೇ ಸರ್ವೀಸ್ ವಿಭಾಗದಲ್ಲಿ ಒಂದು ಮಾಡಿಕೊಳ್ಳಿ, ವರ್ಷದ ಮೇಲೆ ಅಡುಗೆಯದ್ದು ಇನ್ನೊಂದು. ಬ್ಯಾಚ್ ಯಾವಾಗ ಎಂದು ನಿಮ್ಮ ಜಿಲ್ಲೆಯ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಕೇಂದ್ರ ಪ್ರವಾಸೋದ್ಯಮ ಇಲಾಖೆಗೆ ಸೇರಿದ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್ ಇದೆ. ಕಡಿಮೆ ಓದಿದವರಿಗಾಗಿ ಅಲ್ಪಾವಧಿ ತರಬೇತಿ ಈಗ ನಡೆಯುತ್ತಿದೆಯೇ ಎಂದು ಅಲ್ಲಿಗೇ ಒಂದು ಮಧ್ಯಾಹ್ನ ಹೋಗಿ ಕೇಳಿ. ಅಲ್ಲಿನ ಮೂರು ವರ್ಷದ ಡಿಗ್ರಿಗೆ ಪಿಯುಸಿ ಆಗಿರಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು.

ದುಡಿಯುತ್ತಾ ಕಲಿಯುವ ಅಪ್ರೆಂಟಿಸ್ ದಾರಿ ಇನ್ನೊಂದು. 30 ಅಥವಾ ಹೆಚ್ಚು ಜನ ಕೆಲಸದವರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕೆಂದು ನಿಯಮ ಇದೆ. ಸ್ಟಾರ್ ಹೋಟೆಲುಗಳು ಈ ಲೆಕ್ಕದಲ್ಲಿ ಹುಡುಗರನ್ನು ತೆಗೆದುಕೊಳ್ಳುತ್ತವೆ. ಆದರೆ ಸ್ಟೈಪೆಂಡ್ ನಿಮ್ಮ ಈಗಿನ ಸಂಬಳ, ಊಟ, ವಸತಿಗಿಂತ ಕಡಿಮೆ ಇರಬಹುದು. ಮನೆಗೆ ಕಳಿಸುವ ದುಡ್ಡಿನ ಲೆಕ್ಕ ಹಾಕಿಯೇ ಹೆಜ್ಜೆ ಇಡಿ. ಐಟಿಐನಲ್ಲಿ ಫುಡ್ ಪ್ರೊಡಕ್ಷನ್ ಎಂಬ ಒಂದು ವರ್ಷದ ಟ್ರೇಡ್ ಇದೆ. ಒಳ್ಳೆಯದೇ, ಆದರೆ ಹಗಲು ಪೂರ್ತಿ ಅಲ್ಲಿರಬೇಕು. ನಿಮಗಿಂತ ಊರಿನಲ್ಲಿ ಈಗ ಹತ್ತನೇ ಕ್ಲಾಸು ಮುಗಿಸಿದ ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಅದು ಹೆಚ್ಚು ಸರಿ. ತಂಗಿ ಎಂದು ಬೇಕೆಂದೇ ಬರೆದೆ. ನಮ್ಮ ಹಳೆಯ ಹೋಟೆಲುಗಳ ಒಲೆಯ ಮುಂದೆ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ, ಈಗ ಸ್ಟಾರ್ ಹೋಟೆಲುಗಳ ಅಡುಗೆಮನೆಯಲ್ಲಿ ಅವರಿದ್ದಾರೆ.

ಯಾರೂ ಹೇಳದ ಇನ್ನೊಂದು ಕಾಗದ ಇದೆ, ನಿಮ್ಮ ಪಿಎಫ್ ಖಾತೆ. 20 ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿನಲ್ಲಿ ಪಿಎಫ್ ಕಟ್ಟಬೇಕು. ಅದು ಬರೀ ಉಳಿತಾಯ ಅಲ್ಲ, ನೀವು ಎಲ್ಲಿ ಎಷ್ಟು ವರ್ಷ ಕೆಲಸ ಮಾಡಿದಿರಿ ಎಂಬುದಕ್ಕೆ ಸರಕಾರದ ಬಳಿ ಇರುವ ದಾಖಲೆ. ನಾಳೆ ‘ನಾಲ್ಕು ವರ್ಷದ ಅನುಭವ ಇದೆ’ ಅಂದಾಗ ಎದುರಿನವರು ‘ತೋರಿಸಿ’ ಅಂದರೆ ತೋರಿಸಲು ಅದಿರುತ್ತದೆ. ಪಿಎಫ್ ಖಾತೆಯ ಗುರುತಿನ ಸಂಖ್ಯೆಯಾದ ನಿಮ್ಮ ಯುಎಎನ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಪಿಎಫ್ ಇಲ್ಲದಿದ್ದರೆ ಹೋಟೆಲಿನ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರವನ್ನಾದರೂ, ಕೆಲಸ ಬಿಡುವ ಮೊದಲೇ, ಜಗಳವಿಲ್ಲದ ದಿನ ನೋಡಿ ಪಡೆದುಕೊಳ್ಳಿ.

ಖಾಸಗಿ ಕೋರ್ಸುಗಳೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಮಣಿಪಾಲದಲ್ಲಿ ದೇಶಕ್ಕೇ ಹೆಸರಾದ ಹೋಟೆಲ್ ಕಾಲೇಜು ಇದೆ. ಆದರೆ ಎರಡು ಕೋಣೆಯಲ್ಲಿ ನಡೆಯುವ, ‘ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎಂದು ಬೋರ್ಡು ಹಾಕುವ ಕಡೆ ಕಾಲಿಡುವ ಮೊದಲು ಅಡುಗೆಮನೆ ತೋರಿಸಿ ಎಂದು ಕೇಳಿ. ಹತ್ತು ಹುಡುಗರಿಗೆ ಎಷ್ಟು ಒಲೆ ಇದೆ ಎಣಿಸಿ. ಯಾವ ವಿಶ್ವವಿದ್ಯಾಲಯಕ್ಕೆ ಅಥವಾ ಬೋರ್ಡಿಗೆ ಸೇರಿದ್ದು ಎಂದು ಕೇಳಿ. ಹೋದ ವರ್ಷ ಕಲಿತು ಹೋದ ಇಬ್ಬರ ಫೋನ್ ನಂಬರ್ ಕೇಳಿ, ಅವರಿಗೆ ಈಗಿನ ಸಂಬಳ ಎಷ್ಟೆಂದು ವಿಚಾರಿಸಿ. ಇದಕ್ಕೆಲ್ಲ ನೇರ ಉತ್ತರ ಕೊಡದವರ ಕೈಗೆ ನಿಮ್ಮ ಬೆವರಿನ ದುಡ್ಡು ಕೊಡಬೇಡಿ.

ಇಂಗ್ಲಿಷಿಗೆ ಹೆದರಬೇಡಿ. ಹೋಟೆಲ್ ಇಂಗ್ಲಿಷ್ ಎಂದರೆ ಇಡೀ ಭಾಷೆ ಅಲ್ಲ. ಬರಮಾಡಿಕೊಳ್ಳುವುದು, ಆರ್ಡರ್ ಕೇಳುವುದು, ಅದನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವುದು, ಪದಾರ್ಥದಲ್ಲಿ ಏನೇನಿದೆ ಎಂದು ವಿವರಿಸುವುದು, ತಪ್ಪಾದರೆ ಕ್ಷಮೆ ಕೇಳುವುದು, ಬಿಲ್ಲು ಕೊಡುವುದು. ನೂರೈವತ್ತು ವಾಕ್ಯಗಳಲ್ಲಿ ಇದೆಲ್ಲ ಮುಗಿಯುತ್ತದೆ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಿಂದ ದಿನಕ್ಕೆ ಎರಡು ವಾಕ್ಯ, ಕನ್ನಡ ಅಕ್ಷರದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಮಾತಾಡುವ ಗಿರಾಕಿ ಬಂದಾಗ ಆ ಟೇಬಲ್ ತಪ್ಪಿಸಿಕೊಳ್ಳಬೇಡಿ, ನೀವೇ ಹೋಗಿ. ದೋಸೆಯನ್ನು, ಚಟ್ನಿಯನ್ನು, ಉದ್ದಿನ ವಡೆಯನ್ನು ಹೊಸಬರಿಗೆ ಮೂರು ವಾಕ್ಯದಲ್ಲಿ ವಿವರಿಸಲು ಬಂದರೆ ಕೌಂಟರಿನ ಇಂಟರ್‌ವ್ಯೂ ಅರ್ಧ ಗೆದ್ದ ಹಾಗೆ. ಅಡುಗೆಮನೆಯೊಳಗೆ ಹಿಂದಿಯೂ ಬೇಕಾಗುತ್ತದೆ. ಒಡಿಶಾ, ಅಸ್ಸಾಂ, ಬಿಹಾರದಿಂದ ಬಂದ ಹುಡುಗರು ನಿಮ್ಮ ಪಕ್ಕದಲ್ಲೇ ಇದ್ದಾರೆ. ಅವರಿಗೆ ಕನ್ನಡ ಹೇಳಿಕೊಡಿ, ಅವರಿಂದ ಹಿಂದಿ ಕಲಿಯಿರಿ.

ಈ ಅಂಕಣ ಓದುವ ಹೋಟೆಲ್ ಯಜಮಾನರಿಗೂ ಒಂದು ಮಾತು. ಹುಡುಗರು ಮೂರು ತಿಂಗಳು ನಿಲ್ಲುವುದಿಲ್ಲ ಎಂದು ನೀವು ನನ್ನ ಬಳಿ ದೂರುತ್ತೀರಿ. ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆ ಕಾಫಿ ಶುರುವಾಗುವ ತನಕ ಒಂದು ಗಂಟೆ ಹೋಟೆಲು ತಣ್ಣಗಿರುತ್ತದೆ. ಅದರಲ್ಲಿ ಅರ್ಧ ಗಂಟೆ ಕಲಿಕೆಗೆ ಬಿಡಿ. ಕಲಿಸುವ ಭಟ್ರಿಗೆ ಅದಕ್ಕೆಂದೇ ಸಂಬಳದಲ್ಲಿ ಒಂದು ಪಾಲು ಹೆಚ್ಚು ಕೊಡಿ, ಅವರ ಜಾಗ ಭದ್ರ ಎಂದು ಬಾಯಿಬಿಟ್ಟು ಹೇಳಿ. ಭಯ ಹೋದ ಭಟ್ರು ಹೇಗೆ ಕಲಿಸುತ್ತಾರೆ ಎಂಬುದನ್ನು ಆಮೇಲೆ ನೋಡಿ.

ಮುಂದೊಂದು ದಿನ ಗಲ್ಫ್ ಕಡೆ ಹೋಗುವ ಮನಸ್ಸಾದರೆ ನೀವು ಎಸ್ಸೆಸ್ಸೆಲ್ಸಿ ಪಾಸಾಗಿರುವುದು ದೊಡ್ಡ ಅನುಕೂಲ. ಹತ್ತನೇ ತರಗತಿ ಪಾಸಾದವರಿಗೆ ವಲಸೆ ಅನುಮತಿಯ ತೊಡಕು ಇಲ್ಲದ ಪಾಸ್‌ಪೋರ್ಟ್ ಸಿಗುತ್ತದೆ. ಏಜೆಂಟ್ ಸರಕಾರದಲ್ಲಿ ನೋಂದಣಿಯಾದವನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವನು ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿ ಇದೆ. ಲಕ್ಷ ಕೇಳುವವನ ಹತ್ತಿರ ಹೋಗಬೇಡಿ.

ನಾಳೆ ಏನು ಮಾಡಬೇಕು ಎಂದು ಹೇಳಿ ಮುಗಿಸುತ್ತೇನೆ. ಬೆಳಗಿನ ತಿಂಡಿಯ ಹೊತ್ತಿನಲ್ಲಿ ಭಟ್ರನ್ನು ಏನೂ ಕೇಳಬೇಡಿ, ಆಗ ಅವರ ಜೀವ ಕಾವಲಿಯ ಮೇಲಿರುತ್ತದೆ. ಮಧ್ಯಾಹ್ನ ಮೂರೂವರೆಗೆ ಅವರು ಹಿಂದಿನ ಬಾಗಿಲ ಹತ್ತಿರ ಕೂತಾಗ, ಅವರಿಗೆ ಹೇಗೆ ಬೇಕೋ ಹಾಗೆ ಒಂದು ಸ್ಟ್ರಾಂಗ್ ಕಾಫಿ ಮಾಡಿಸಿಕೊಂಡು ಹೋಗಿ. ಅಳತೆಯ ಮಾತೆತ್ತಬೇಡಿ. ‘ಭಟ್ರೇ, ನಾಳೆ ಉದ್ದು ನೆನೆಹಾಕುವಾಗ ನಾನೂ ಬರಲಾ? ಮೂಟೆ ಎತ್ತಿಕೊಡುತ್ತೇನೆ’ ಎಂದು ಕೇಳಿ. ಮೊದಲ ದಿನ ಬೇಡ ಅನ್ನಬಹುದು. ಮೂರನೆಯ ದಿನವೂ ಕೇಳಿ.